ಕ್ಯಾಮೆರಾದಿಂದ ಕಾಗದದವರೆಗೆ



ತರಗತಿಯ ಗುಂಪು ಚಿತ್ರವನ್ನು ನಾವೆಲ್ಲರೂ ಊರಿನಲ್ಲಿರುವ ಅಜ್ಜ-ಅಜ್ಜಿಯರಿಗೆ ಕಳುಹಿಸುತ್ತೇವೆ. ಒಮ್ಮೆ ನಾವು ಕಳುಹಿಸಿದ ಚಿತ್ರವನ್ನು ಅಲ್ಲಿ ಮುದ್ರಿಸಿ ನೋಡಿದ ಅಜ್ಜಿ, "ಇದರಲ್ಲಿ ನಮ್ಮ ಮಗು ಯಾವುದು?" ಎಂದು ಕೇಳಿದರು. ಮೊಬೈಲಿನಲ್ಲಿ ಚೆನ್ನಾಗಿದ್ದ ಚಿತ್ರ ಕಾಗದದ ಮೇಲೆ ಏಕೆ ಮಸುಕಾಯಿತು? ಉತ್ತರ ಹುಡುಕೋಣ ಬನ್ನಿ.

ಮೊದಲು ಸ್ವಲ್ಪ ಇತಿಹಾಸ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರು 'ಸಿಸಿಡಿ' ಎಂಬ ಸಾಧನವನ್ನು ಕಂಡುಹಿಡಿದರು. ಬೆಳಕನ್ನು ವಿದ್ಯುತ್ ಸಂಕೇತವಾಗಿಸಲು ಇದು ದಾರಿ ತೋರಿತು. ಇದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಒಂದನ್ನು ತಯಾರಿಸಿದರು. ಅದರ ತೂಕ ಸುಮಾರು 3.6 ಕಿಲೋ! ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. ಆ ಚಿತ್ರದಲ್ಲಿದ್ದುದು ಕೇವಲ 10,000 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳು.

ಬಣ್ಣ ಹೇಗೆ ಬಂತು? ಬೆಳಕು ಗ್ರಹಿಸುವ ಚುಕ್ಕೆಗೆ ಬೆಳಕು ಎಷ್ಟಿದೆ ಎಂದು ತಿಳಿಯುತ್ತದೆಯೇ ಹೊರತು ಯಾವ ಬಣ್ಣ ಎಂದು ತಿಳಿಯದು. ಅದೇ ಸಂಸ್ಥೆಯ ಬ್ರೈಸ್ ಬೇಯರ್ ಒಂದು ಸುಲಭ ಉಪಾಯ ಹೂಡಿ 1976ರಲ್ಲಿ ಪೇಟೆಂಟ್ ಪಡೆದರು. ಪ್ರತಿ ಚುಕ್ಕೆಯ ಮೇಲೂ ಒಂದು ಬಣ್ಣದ ಸೋಸುಗ. ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುವುದರಿಂದ ಹಸಿರಿಗೆ ಎರಡು ಪಾಲು. ಉಳಿದ ಎರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕುತ್ತದೆ. ಇಂದಿನ ಹೆಚ್ಚಿನ ಕ್ಯಾಮೆರಾಗಳಲ್ಲೂ ಇದೇ ಕ್ರಮ ಇದೆ.

ಇನ್ನು ಮುದ್ರಣದ ಗುಣಮಟ್ಟವನ್ನು ಅಳೆಯುವುದು ಹೇಗೆ? ಮುಖ್ಯವಾಗಿ ಮೂರು ಅಳತೆಗಳನ್ನು ತಿಳಿಯೋಣ.

1. ಸ್ಪಷ್ಟತೆ: ಒಂದು ಅಂಗುಲದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬ ಎಣಿಕೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಇದ್ದರೆ ಉತ್ತಮ. ಆಗ ಒಂದೊಂದು ಪಿಕ್ಸೆಲ್ಲಿನ ಅಗಲ ಸುಮಾರು 0.085 ಮಿ.ಮೀ. ಇಷ್ಟು ಚಿಕ್ಕದನ್ನು ಕಣ್ಣು ಬಿಡಿಬಿಡಿಯಾಗಿ ಗುರುತಿಸುವುದು ಕಷ್ಟ.

2. ಗಾಢತೆ: ಡೆನ್ಸಿಟೋಮೀಟರ್ ಎಂಬ ಉಪಕರಣ ಶಾಯಿಯ ಮೇಲೆ ಬೆಳಕು ಬಿಟ್ಟು, ಹಿಂದಿರುಗಿದ್ದೆಷ್ಟು ಎಂದು ಅಳೆಯುತ್ತದೆ. ಶೇ. 10 ಹಿಂದಿರುಗಿದರೆ ಗಾಢತೆ 1, ಶೇ. 1 ಮಾತ್ರ ಹಿಂದಿರುಗಿದರೆ 2. ಸಂಖ್ಯೆ ಹೆಚ್ಚಿದಷ್ಟೂ ಕಪ್ಪು ಹೆಚ್ಚು.

3. ಬಣ್ಣದ ವ್ಯತ್ಯಾಸ: ಬೇಕಾದ ಬಣ್ಣಕ್ಕೂ ಮುದ್ರಣವಾದ ಬಣ್ಣಕ್ಕೂ ಇರುವ ಅಂತರವನ್ನು 'ಡೆಲ್ಟಾ ಇ' ಎಂಬ ಸಂಖ್ಯೆ ಹೇಳುತ್ತದೆ. ಅದು ಸುಮಾರು 1ಕ್ಕಿಂತ ಕಡಿಮೆಯಿದ್ದರೆ ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ನಾವು ಮೊಬೈಲಿನಿಂದ ಕಳುಹಿಸುವಾಗ ಚಿತ್ರ ಕುಗ್ಗಿ, ಅದರ ಅಗಲ 600 ಪಿಕ್ಸೆಲ್ ಮಾತ್ರ ಉಳಿದಿತ್ತು. 6 ಅಂಗುಲ ಅಗಲಕ್ಕೆ ಮುದ್ರಿಸಿದಾಗ ಅಂಗುಲಕ್ಕೆ ಸಿಕ್ಕಿದ್ದು 100 ಮಾತ್ರ. ಒಂದು ಸಾಲಿನಲ್ಲಿ 10 ಮಕ್ಕಳು ನಿಂತರೆ ಒಬ್ಬೊಬ್ಬರಿಗೆ 60 ಪಿಕ್ಸೆಲ್. ಮುಖಕ್ಕೆ ಅದರ ಅರ್ಧ. ಕಣ್ಣಿಗೆ ನಾಲ್ಕೋ ಐದೋ! ಅಷ್ಟರಲ್ಲಿ ಮೊಮ್ಮಗುವಿನ ನಗು ಕಾಣುವುದು ಹೇಗೆ? ಕುಗ್ಗಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೂ ಕಳೆದುಹೋದ ವಿವರ ಮರಳಿ ಬರುವುದಿಲ್ಲ.

ಮನೆಯಲ್ಲಿ ಮಾಡಿ ನೋಡಿ: ಕಂಪ್ಯೂಟರಿನಲ್ಲಿ ನಿಮ್ಮ ಚಿತ್ರದ ಅಗಲ ಎಷ್ಟು ಪಿಕ್ಸೆಲ್ ಎಂದು ನೋಡಿ, 300ರಿಂದ ಭಾಗಿಸಿ. 2400 ಇದ್ದರೆ 8 ಅಂಗುಲದವರೆಗೆ ಚೆನ್ನಾಗಿ ಮುದ್ರಿಸಬಹುದು. ಆದರೆ ಕೈ ನಡುಗಿದರೆ, ಬೆಳಕು ಸಾಲದಿದ್ದರೆ, ಲೆನ್ಸ್ ಮೇಲೆ ಬೆರಳಿನ ಜಿಡ್ಡಿದ್ದರೆ ಎಷ್ಟು ಪಿಕ್ಸೆಲ್ ಇದ್ದರೂ ಪ್ರಯೋಜನವಿಲ್ಲ.

ನಾವು ಆಮೇಲೆ ಮೂಲ ಚಿತ್ರವನ್ನೇ ಹುಡುಕಿ, ಕುಗ್ಗಿಸದೆ ಕಳುಹಿಸಿದೆವು. ಈಗ ಅದು ಅಜ್ಜಿಯ ಮನೆಯ ಗೋಡೆಯ ಮೇಲಿದೆ. ಆದ್ದರಿಂದ ಮಕ್ಕಳೇ, ಮೂಲ ಚಿತ್ರವನ್ನು ಎಂದೂ ಅಳಿಸಬೇಡಿ.