ಪ್ರತಿಭಟನೆ: ಏಕೆ, ಹೇಗೆ?



ತೊಗರಿ ರಾಶಿಯಾಗಿ ಮನೆಗೆ ಬಂದಿದೆ ಎನ್ನಿ. ಸರಕಾರ ಬೆಂಬಲ ಬೆಲೆ ಸಾರಿದೆ. ಖರೀದಿ ಕೇಂದ್ರ ಮಾತ್ರ ತೆರೆದಿಲ್ಲ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದಾನೆ. ಆಗ ಕಮಲಾಪುರದ ರೈತನು ಮಾಲನ್ನು ಕಲಬುರಗಿಯ ಗಂಜಿಗೆ ಒಯ್ದು, ಕೇಳಿದ ಬೆಲೆಗೆ ಕೊಟ್ಟು ಸುಮ್ಮನಾಗಬೇಕೆ? "ಇದು ಅನ್ಯಾಯ, ಸರಿಪಡಿಸಿರಿ" ಎಂದು ಹತ್ತು ಜನ ಕೂಡಿ ಹೇಳುವುದೇ ಪ್ರತಿಭಟನೆ.

ಜನರು ಪ್ರತಿಭಟಿಸುವುದೇಕೆ?

ಹೊಟ್ಟೆಗೋ ಮಾನಕ್ಕೋ ಪೆಟ್ಟು ಬಿದ್ದು, ಕೇಳಿದ ಮಾತಿಗೆ ಉತ್ತರ ಬಾರದಿದ್ದಾಗ ಜನರು ಬೀದಿಗೆ ಬರುತ್ತಾರೆ. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗ ನ್ಯಾಯವಾಗಿರಲೆಂದು ಕೇಳಿದರು. ಒಡೆಯರು ಒಪ್ಪಲಿಲ್ಲ. 1951ರಲ್ಲಿ ಅವರು ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರು.

ಅದರ ಬಗೆಗಳು

1. ಮನವಿ: ಇದು ಮೊದಲ ಮೆಟ್ಟಿಲು. ಬೇಡಿಕೆಯನ್ನು ಬರೆದು, ಎಲ್ಲರೂ ರುಜು ಹಾಕಿ, ತಹಶೀಲ್ದಾರರಿಗೆ ಕೊಡಿರಿ. ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿರಿ.
2. ಸಭೆ, ಮೆರವಣಿಗೆ: ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಪೊಲೀಸರಿಗೆ ಮೊದಲೇ ತಿಳಿಸಿರಿ.
3. ಧರಣಿ: ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯಂಥ ಕಡೆ, ಅಧಿಕಾರವುಳ್ಳವರ ಎದುರು, ಉತ್ತರ ಕೇಳುತ್ತ ಕೂಡುವುದು.
4. ಉಪವಾಸ, ಸತ್ಯಾಗ್ರಹ: ಕಷ್ಟವನ್ನು ತಾನೇ ಹೊತ್ತು, ಎದುರಿನವರ ಮನಸ್ಸನ್ನು ತಿರುಗಿಸುವುದು.
5. ಬಂದ್, ರಸ್ತೆ ತಡೆ: ಇದರ ಬಿಸಿ ದವಾಖಾನೆಗೆ ಹೊರಟ ಬಾಣಂತಿಗೂ ದಿನಗೂಲಿಯವನಿಗೂ ತಟ್ಟುತ್ತದೆ. ಆದ್ದರಿಂದ ನೂರು ಸಲ ಯೋಚಿಸಬೇಕು.

ಎರಡು ಪಾಠಗಳು

ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ಹೇರಿದ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದರು. ಅವರ ನೋವು ನಿಜವಾಗಿತ್ತು. ಆದರೆ 1980ರ ಜುಲೈ 21ರಂದು ಗಲಭೆ, ಗೋಲಿಬಾರು ನಡೆದು ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಸಿಟ್ಟು ಕೈಮೀರಿದರೆ ಹೋದ ಜೀವವನ್ನು ಯಾವ ಸರಕಾರವೂ ಮರಳಿ ಕೊಡಲಾರದು.

ನಮ್ಮ ಭಾಗದ ಹೋರಾಟವನ್ನೂ ನೋಡಿರಿ. ಹಿಂದುಳಿದ ಈ ಜಿಲ್ಲೆಗಳಿಗೆ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲ ಮೊದಲಾದವರು ವರ್ಷಗಟ್ಟಲೆ ಒಂದೇ ಬೇಡಿಕೆ ಹಿಡಿದು ನಡೆದರು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿತು. ಓದಿನಲ್ಲಿ, ನೌಕರಿಯಲ್ಲಿ ನಮ್ಮ ಮಕ್ಕಳಿಗೆ ಮೀಸಲಾತಿ ದೊರೆತದ್ದು ಇದರಿಂದಲೇ.

ಬೇಡಿಕೆ ಒಂದಿರಲಿ, ಸ್ಪಷ್ಟವಿರಲಿ. ಅದನ್ನು ಈಡೇರಿಸಬಲ್ಲವರ ಬಾಗಿಲಿಗೇ ಹೋಗಿರಿ. ಕೆಳಗಿನ ಮೆಟ್ಟಿಲು ಹತ್ತದೆ ಮೇಲಿನದಕ್ಕೆ ಹಾರಬೇಡಿರಿ.

ಕಟ್ಟೆಯ ಮೇಲೆ ಕೂಡಿ ಚರ್ಚಿಸಿರಿ

1. ನಮ್ಮ ಊರಿನ ಮೊದಲ ಬೇಡಿಕೆ ಯಾವುದು?
2. ಅದನ್ನು ಈಡೇರಿಸುವ ಅಧಿಕಾರ ಯಾರಿಗಿದೆ?
3. ಅವರಿಗೆ ನಾವು ಬರೆದು ಕೊಟ್ಟಿದ್ದೇವೆಯೇ?