ಮೊದಲ ಚಾರ್ಜ್ ನೋಡಿ ಮರುಳಾಗಬೇಡ

ಕೂಸೇ, ಎಂ.ಎಸ್ಸಿ. ಆದಮೇಲೆ ಬ್ಯಾಟರಿ ಸಂಶೋಧನೆಗೆ ಇಳಿಯುತ್ತೇನೆಂದು ಬರೆದಿದ್ದೀಯ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೇ ತಲೆ ನರೆತ ಮೇಷ್ಟ್ರು ನಾನು. ಎರಡು ಮಾತು ಹೇಳದೆ ಇರಲಾರೆ.

ಚಿಕ್ಕವಳಿದ್ದಾಗ ಪುಣಜನೂರಿನ ಕಾಡಂಚಿನಲ್ಲಿ ಬಿದಿರೆಲೆ ಎಳೆದು ಬೆರಳು ಕೊಯ್ದುಕೊಂಡಿದ್ದೆ, ನೆನಪಿದೆಯೆ? ಆ ಅಲಗು ಸಿಲಿಕಾದ್ದು. ಬಿದಿರೂ ಭತ್ತವೂ ಅದನ್ನು ನೀರಿನ ಜೊತೆ ಮಣ್ಣಿಂದ ಹೀರಿ ಮೈಯಲ್ಲಿ ಕೂಡಿಡುತ್ತವೆ. ಭತ್ತದ ಹೊಟ್ಟು ಸುಟ್ಟರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಬೂದಿ. ಬೂದಿಯ ಬಹುಪಾಲು ಸಿಲಿಕಾ. ಮೆಗ್ನೀಸಿಯಂ ಬೆರೆಸಿ, ಗಾಳಿ ಸೋಕದಂತೆ ಸುಮಾರು 650 ಡಿಗ್ರಿಗೆ ಕಾಯಿಸಿ, ಆಮ್ಲದಲ್ಲಿ ತೊಳೆದರೆ ಸಿಲಿಕಾನ್ ಉಳಿಯುತ್ತದೆ. ಜಾಗ್ರತೆ, ಮೆಗ್ನೀಸಿಯಂ ಜೊತೆ ಕಾಯಿಸುವಾಗ ಶಾಖ ಉಕ್ಕಿ ಬಂದು ಗಿಡ ಕಟ್ಟಿದ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಆ ಶಾಖ ಹೀರಲೆಂದೇ ಅಡುಗೆ ಉಪ್ಪು ಬೆರೆಸುವವರಿದ್ದಾರೆ. 2013ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಹೊಟ್ಟಿನ ಸಿಲಿಕಾನಿನಿಂದಲೇ ಲಿಥಿಯಂ ಬ್ಯಾಟರಿಯ ಆನೋಡ್, ಅಂದರೆ ಅದರ ಋಣ ತುದಿ, ಮಾಡಿ ತೋರಿಸಿದರು.

ಇಂದಿನ ಆನೋಡುಗಳಲ್ಲಿ ಇರುವುದು ಹೆಚ್ಚಾಗಿ ಗ್ರಾಫೈಟ್. ಗ್ರಾಮಿಗೆ 372 ಮಿಲಿಆಂಪಿಯರ್-ಗಂಟೆ ಅದರ ಮಿತಿ. ಸಿಲಿಕಾನಿನದು ಸುಮಾರು 3,600. ಈ ಅಂಕಿಗೇ ಎಷ್ಟೋ ಜನ ಮರುಳಾಗುತ್ತಾರೆ. ಲಿಥಿಯಂ ತುಂಬಿಕೊಂಡ ಸಿಲಿಕಾನ್ ಉಬ್ಬಿ ಮೂರು ನಾಲ್ಕು ಪಟ್ಟಾಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಬಿರುಕಿನ ಪ್ರತಿ ಹೊಸ ಮೈಮೇಲೂ ಪೊರೆ ಕಟ್ಟುತ್ತದೆ, ಪೊರೆ ಪೊರೆಗೂ ಲಿಥಿಯಂ ಸವೆಯುತ್ತದೆ. ಅದಕ್ಕೇ ಕಾಂಪೋಸಿಟ್: 150 ನ್ಯಾನೊಮೀಟರಿಗಿಂತ ಸಣ್ಣ ಕಣ, ಮೇಲೆ ಕಾರ್ಬನ್ ಹೊದಿಕೆ, ಉಬ್ಬಲು ಒಳಗೊಂದಿಷ್ಟು ಜಾಗ.

ಪ್ರಬಂಧ ಓದುವಾಗ ಮೊದಲ ಚಾರ್ಜಿನ ಅಂಕಿಯ ಮೇಲೆ ಕೈಯಿಟ್ಟು ಮುಚ್ಚು. ಐನೂರನೆಯ ಸಲ ಎಷ್ಟು ಉಳಿಯಿತು, ಮೊದಲ ಸಲವೇ ಎಷ್ಟು ಲಿಥಿಯಂ ಕಳೆಯಿತು, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಆನೋಡ್ ಪುಡಿ ಬಳಿದಿದ್ದರು ಎಂದು ಹುಡುಕು. ತೆಳ್ಳಗೆ ಬಳಿದ ಸೆಲ್ ಬಾಳುವುದು ಸುಲಭ. ದಿಂಬಂ ಘಾಟಿಯ 27 ತಿರುವು ಹತ್ತಬೇಕಾದ ಬ್ಯಾಟರಿ ಬಸ್ಸಿಗೆ ಅದು ಸಾಲದು. ನಿನ್ನ ನೋಟ್‌ಬುಕ್ಕಿನಲ್ಲಿ ಸತ್ತ ಸೆಲ್ಲುಗಳ ಲೆಕ್ಕವನ್ನೂ ಬರೆದಿಡು.

ನಮ್ಮ ಕಾಡಿನ ಬಿದಿರೆಲೆ ಗುಡಿಸಿ ತರಲೇ ಎಂದು ಕೇಳಿದ್ದೀಯ. ಬೇಡ ತಾಯಿ. 2011ರಿಂದ ಬಿಳಿಗಿರಿರಂಗನ ಕಾಡು ಹುಲಿ ಮೀಸಲು. ಅಲ್ಲಿ ಉದುರಿದ ಎಲೆ ಅಲ್ಲಿನ ಮಣ್ಣಿನದು, ಬಿದಿರು ಆನೆಯದು. ಭತ್ತದ ಸೀಮೆ ಕೊಳ್ಳೇಗಾಲ, ಯಳಂದೂರು ಪಕ್ಕದಲ್ಲೇ ಇವೆ. ಯಳಂದೂರಿನ ಮಿಲ್ಲಿನಿಂದ ಒಂದು ಚೀಲ ಹೊಟ್ಟು ತರಿಸಿಟ್ಟಿದ್ದೇನೆ, ದೀಪಾವಳಿಗೆ ಬಂದಾಗ ತೆಗೆದುಕೊಂಡು ಹೋಗು.