1969ರ ರಾಷ್ಟ್ರಪತಿ ಚುನಾವಣೆ: ಸುದ್ದಿಯೂ ಪಕ್ಷಪಾತವೂ

ಪ್ರಜಾಪ್ರಭುತ್ವದಲ್ಲಿ ವೃತ್ತಪತ್ರಿಕೆಯ ಸ್ಥಾನ ದೊಡ್ಡದೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಪತ್ರಿಕೆಯನ್ನು ಓದುವವರ ಹೊಣೆಯೂ ಅಷ್ಟೇ ದೊಡ್ಡದೆಂಬುದನ್ನು ನಾವು ಯೋಚಿಸುವುದು ಕಡಿಮೆ. ನನಗೆ ಈ ಯೋಚನೆ ಬಂದುದು ತರಗತಿಯಲ್ಲಲ್ಲ, ಮನೆಯಲ್ಲಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಶಿಡ್ಲಘಟ್ಟದ ಬಳಿಯ ನಮ್ಮ ಹಳ್ಳಿಯಲ್ಲಿ ಸಂಜೆ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ತಂದೆಯವರಿಗೂ ನೆರೆಯವರಿಗೂ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಒಮ್ಮೆ ಚುನಾವಣೆಯ ಕಾಲದಲ್ಲಿ, ನನಗೆ ಹಿಡಿಸಿದವರ ಮಾತುಗಳನ್ನಷ್ಟೇ ಓದಿ ಉಳಿದುದನ್ನು ಬಿಟ್ಟುಬಿಟ್ಟೆ. ತಂದೆಯವರು, “ಅಲ್ಲಮ್ಮಾ, ಆ ಕಡೆಯೋರು ಬಾಯೇ ಬಿಡಲಿಲ್ವಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ರಾಜ್ಯಶಾಸ್ತ್ರದ ಪಾಠದಲ್ಲಿ 1969ರ ರಾಷ್ಟ್ರಪತಿ ಚುನಾವಣೆಯನ್ನು ಓದುವಾಗ ಆ ಪ್ರಶ್ನೆ ಮತ್ತೆ ನೆನಪಿಗೆ ಬಂದಿತು. ಅದಕ್ಕೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ರಾಷ್ಟ್ರಪತಿಯನ್ನು ಜನರು ನೇರವಾಗಿ ಆರಿಸುವುದಿಲ್ಲ. ಸಂವಿಧಾನದ 54ನೆಯ ಅನುಚ್ಛೇದದಂತೆ ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ ಗುಪ್ತವಾಗಿ ಮತ ಹಾಕುತ್ತಾರೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬೊಬ್ಬ ಶಾಸಕರ ಮತದ ಮೌಲ್ಯ 131 ಆಗಿದ್ದಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಈ 5 ಕ್ಷೇತ್ರಗಳನ್ನು ಕೂಡಿಸಿದರೆ ನಮ್ಮ ಜಿಲ್ಲೆಯ ಪಾಲು 655. ಹೀಗಿರುವಲ್ಲಿ ಮತವೇ ಇಲ್ಲದ ಜನಸಾಮಾನ್ಯರ ಅಭಿಪ್ರಾಯಕ್ಕಾಗಿ ಪಕ್ಷಗಳು ಹೋರಾಡುವುದೇಕೆ? ಮತ ಹಾಕುವವರು ನಾಳೆ ಆ ಜನರ ಮುಂದೆಯೇ ಬಂದು ನಿಲ್ಲಬೇಕಾದವರು; ಅವರ ಕಿವಿ ಸದಾ ಜನರ ಕಡೆಗೆ ಇರುತ್ತದೆ. 1969ರಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು.

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಪಕ್ಷದ ಸಂಸದೀಯ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರು ಸೂಚಿಸಿದ ಜಗಜೀವನ ರಾಮರ ಹೆಸರಿಗೆ ಬಹುಮತ ದೊರೆಯಲಿಲ್ಲ. ರೆಡ್ಡಿಯವರು ಅನಂತಪುರ ಜಿಲ್ಲೆಯವರು. ಆ ಜಿಲ್ಲೆ ಅಂದು ನಮ್ಮ ಗೌರಿಬಿದನೂರಿನ ಗಡಿಗೆ ತಗುಲಿಕೊಂಡಿದ್ದಿತು. ಅವರಿಗೆ ಎದುರಾಗಿ ಸ್ವತಂತ್ರವಾಗಿ ನಿಂತ ವಿ.ವಿ. ಗಿರಿಯವರು 1965ರಿಂದ 1967ರವರೆಗೆ ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಸಿ.ಡಿ. ದೇಶಮುಖರನ್ನು ಬೆಂಬಲಿಸಿದವು. ಹೀಗಾಗಿ ಇದು ದೆಹಲಿಯ ಕಥೆಯೆಂದು ನಾವು ದೂರ ನಿಲ್ಲುವಂತಿಲ್ಲ.

ಅಲ್ಲಿಂದ ಮುಂದೆ ಸುದ್ದಿಗಳು ಒಂದರ ಬೆನ್ನಿಗೆ ಒಂದು ಬಂದವು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜುಲೈ 19ರಂದು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಪ್ರಧಾನಿಯವರು ಅದನ್ನು ರೇಡಿಯೋದಲ್ಲಿಯೇ ಜನರಿಗೆ ತಿಳಿಸಿದರು. ಅವರ ಮನೆಯ ಮುಂದೆ ಜನರು ಗುಂಪುಗುಂಪಾಗಿ ಸೇರಿ ಅಭಿನಂದಿಸಿದರು. ಆ ಕಾಲಕ್ಕೆ ದೂರದರ್ಶನ ದೆಹಲಿಯೊಂದರಲ್ಲಿ ಮಾತ್ರ ಇದ್ದುದರಿಂದ ದೇಶದ ಉಳಿದವರಿಗೆ ಪತ್ರಿಕೆ ಮತ್ತು ರೇಡಿಯೋಗಳೇ ಆಧಾರ. ದೊಡ್ಡ ಪತ್ರಿಕೆಗಳು ಬಂಡವಾಳಗಾರರ ಒಡೆತನದವು ಎಂಬುದು ಒಂದು ಕಡೆಯವರ ಆಕ್ಷೇಪ. ರೇಡಿಯೋ ಸರ್ಕಾರದ ಕೈಯಲ್ಲಿದೆ ಎಂಬುದು ಇನ್ನೊಂದು ಕಡೆಯವರ ಆಕ್ಷೇಪ. ಎರಡೂ ಮಾತುಗಳಲ್ಲಿ ಹುರುಳಿದ್ದಿತು.

ಆದರೆ ಪಕ್ಷಪಾತವು ಒಡೆತನದಿಂದ ಮಾತ್ರ ಬರುವುದೆಂದು ತಿಳಿದರೆ ತಪ್ಪಾದೀತು. ಒಂದೊಂದು ಶಬ್ದದ ಬೆನ್ನೇರಿಯೂ ಅದು ಬರುತ್ತದೆ. ನಿಜಲಿಂಗಪ್ಪ, ಕಾಮರಾಜ, ಎಸ್.ಕೆ. ಪಾಟೀಲ, ಅತುಲ್ಯ ಘೋಷ್ ಮೊದಲಾದ ಹಿರಿಯ ನಾಯಕರ ಗುಂಪಿಗೆ ಪತ್ರಿಕೆಗಳಲ್ಲಿ ‘ಸಿಂಡಿಕೇಟ್’ ಎಂಬ ಹೆಸರು ಬಿದ್ದಿತು. ಅದು ಅವರು ತಾವಾಗಿ ಇಟ್ಟುಕೊಂಡ ಹೆಸರಲ್ಲ. ಒಳಗೊಳಗೇ ಕೂಡಿಕೊಂಡು ಲಾಭ ಮಾಡಿಕೊಳ್ಳುವವರು ಎಂಬ ಧ್ವನಿ ಆ ಶಬ್ದದಲ್ಲಿಯೇ ಇದೆ. ತಲೆಬರಹದಲ್ಲಿ ಅದನ್ನು ಕಂಡ ಓದುಗನು ಸುದ್ದಿಯನ್ನು ಓದುವ ಮೊದಲೇ ತೀರ್ಪು ಕೊಟ್ಟಿರುತ್ತಾನೆ.

ಇನ್ನೊಂದು ಶಬ್ದ ‘ಆತ್ಮಸಾಕ್ಷಿ’. ಪಕ್ಷದ ಅಭ್ಯರ್ಥಿಗೇ ಮತ ಹಾಕಬೇಕೆಂಬ ಆಜ್ಞೆ ಹೊರಡಿಸದೆ, ಸದಸ್ಯರು ಆತ್ಮಸಾಕ್ಷಿಯಂತೆ ಮತ ನೀಡಲಿ ಎಂದು ಇಂದಿರಾ ಗಾಂಧಿಯವರ ಕಡೆಯವರು ಹೇಳಿದರು. ಇದನ್ನೇ ಎದುರು ಕಡೆಯವರು ಶಿಸ್ತುಭಂಗವೆಂದರು. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕಂಡರು. ಒಬ್ಬರ ಬಾಯಲ್ಲಿ ಅದು ಮತಯಾಚನೆ, ಇನ್ನೊಬ್ಬರ ಬಾಯಲ್ಲಿ ಒಳಸಂಚು. ನಡೆದ ಸಂಗತಿ ಒಂದೇ; ಹೆಸರುಗಳು ಎರಡು. ಇವಲ್ಲದೆ, ರೆಡ್ಡಿಯವರ ಚಾರಿತ್ರ್ಯವನ್ನು ಹೀಗಳೆಯುವ, ಬರೆದವರ ಹೆಸರಿಲ್ಲದ ಕರಪತ್ರವೊಂದು ಸಂಸತ್ ಸದಸ್ಯರ ನಡುವೆ ಹರಡಿತು. ಶಬ್ದಗಳಿಗೆ ಹೊಣೆಗಾರರೇ ಇಲ್ಲದಿದ್ದರೆ ಅವು ಎಷ್ಟು ಕೆಳಕ್ಕೆ ಇಳಿಯಬಲ್ಲವೆಂಬುದಕ್ಕೆ ಅದು ನಿದರ್ಶನ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ ನಡೆದವು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ಬಂದಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ದೊರೆಯದ ಕಾರಣ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಯಿತು. ಕೊನೆಗೆ ಗಿರಿಯವರು 4,20,077, ರೆಡ್ಡಿಯವರು 4,05,427. ಅಂತರ ಕೇವಲ 14,650. ಇಷ್ಟು ಕೂದಲೆಳೆಯ ಗೆಲುವನ್ನು ‘ಜನರ ತೀರ್ಪು’ ಎಂದು ಒಂದು ಕಡೆಯವರು ಹಾಡಿದರೆ, ‘ದ್ರೋಹ’ ಎಂದು ಇನ್ನೊಂದು ಕಡೆಯವರು ಹಲುಬಿದರು. ಜನರಂತೂ ಮತವನ್ನೇ ಹಾಕಿರಲಿಲ್ಲ! ಆ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋದವು. ರಾಷ್ಟ್ರಪತಿಯಾಗಿದ್ದ ಗಿರಿಯವರೇ ಸ್ವತಃ ಸಾಕ್ಷಿಯಾಗಿ ಹಾಜರಾದರು. ಕರಪತ್ರವು ಅವರ ಸಮ್ಮತಿಯಿಂದ ಹಂಚಲ್ಪಟ್ಟಿತೆಂಬುದು ಸಿದ್ಧವಾಗದೆ 1970ರಲ್ಲಿ ಅರ್ಜಿಗಳು ವಜಾ ಆದವು. ನ್ಯಾಯಾಲಯದಲ್ಲಿ ಎರಡು ಕಡೆಯ ಸಾಕ್ಷಿಗಳೂ ಪಾಟೀಸವಾಲನ್ನು ಎದುರಿಸಬೇಕು. ಪತ್ರಿಕೆಯ ತಲೆಬರಹಕ್ಕೆ ಪಾಟೀಸವಾಲು ಹಾಕುವವರು ಓದುಗರಲ್ಲದೆ ಬೇರೆ ಯಾರೂ ಇಲ್ಲ. ಅಂದು ಸೋತ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1969ರ ತಲೆಬರಹಗಳನ್ನು ಮಾತ್ರ ನಂಬಿದವರಿಗೆ ಇದು ಅರ್ಥವಾಗದ ಒಗಟಾಗಿರಬೇಕು.

ಇದರಿಂದ ನಾವು ಕಲಿಯಬಹುದಾದುದೇನು? ಚುನಾವಣೆಯ ಸುದ್ದಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ನಿಜವಾಗಿ ನಡೆದದ್ದೇನು? ಅದಕ್ಕೆ ಈ ಹೆಸರಿಟ್ಟವರು ಯಾರು? ಅದನ್ನೇ ಎದುರು ಕಡೆಯವರು ಏನೆಂದು ಕರೆದರು? ಪತ್ರಿಕೆಗೆ ಅಭಿಪ್ರಾಯ ಇರಬಾರದೆಂದು ನನ್ನ ವಾದವಲ್ಲ. ಸಂಪಾದಕೀಯ ಇರುವುದೇ ಅದಕ್ಕಾಗಿ. ಅಭಿಪ್ರಾಯವು ಸುದ್ದಿಯ ವೇಷದಲ್ಲಿ ಬರಬಾರದು ಎಂಬುದಷ್ಟೇ ನನ್ನ ಮಾತು. ಇಂದು ಮೊಬೈಲಿನಲ್ಲಿ ಹೆಸರಿಲ್ಲದ ಕರಪತ್ರಗಳು ದಿನವೂ ಕೈಗೆ ಬರುತ್ತಿರುವಾಗ ಈ ಎಚ್ಚರ ಮತ್ತಷ್ಟು ಬೇಕು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ತಂದೆಯವರೊಡನೆ ನಾನು ಹೋಗಿದ್ದುಂಟು. ರೀಲರುಗಳು ರಾಶಿಯ ಮೇಲ್ಭಾಗವನ್ನು ನೋಡಿ ಬೆಲೆ ಕೂಗುವುದಿಲ್ಲ. ಕೈಯನ್ನು ಅಡಿಗೆ ಹಾಕಿ, ಒಂದು ಹಿಡಿ ಗೂಡನ್ನು ಮೇಲಕ್ಕೆತ್ತಿ, ಕಲೆ ಬಿದ್ದುದೆಷ್ಟು, ಗಟ್ಟಿಯಾದುದೆಷ್ಟು ಎಂದು ಪರೀಕ್ಷಿಸುತ್ತಾರೆ. ಅಕ್ಷರ ಬಾರದ ನಮ್ಮ ಹಿರಿಯರು ಇದನ್ನು ಬಲ್ಲರು. ಅಕ್ಷರ ಬಲ್ಲ ನಾವು ಸುದ್ದಿಯ ವಿಷಯದಲ್ಲಿ ಅಷ್ಟನ್ನಾದರೂ ಮಾಡಬೇಡವೇ?

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆಯವರಿಗೆ ಪತ್ರಿಕೆ ಓದಿ ಹೇಳುವವರು. ಅವರ ಪಾಲಿಗೆ ನಾವೇ ಪತ್ರಿಕೆ. ನಾನು ಈಗ ಎರಡು ಕಡೆಯ ಮಾತನ್ನೂ ಓದಿ ಹೇಳುತ್ತೇನೆ. ಓದುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಒಮ್ಮೊಮ್ಮೆ ಜಗಲಿಯ ಮೇಲೆ ಜಗಳವೂ ಆಗುತ್ತದೆ. ಆದರೆ ತಂದೆಯವರು ಮತ್ತೆ ಆ ಪ್ರಶ್ನೆಯನ್ನು ಕೇಳಿಲ್ಲ.